ಗಜ್ಜರಿ ಎಲಿ

ಕಾರ್ಪೋರೇಷನ್ನಿನವರು ನೋಟೀಸು ಕೊಟ್ಟರು.
ಗೋಕುಲ ರೋಡಿನ ಹಿಂದೆ, ಪ್ಲಾಟ್ ನಂಬರ್ ನಲವತ್ತೊಂದು,
ಮಾಲೀಕ ನಾನು;
ಬೆಳೆದದ್ದು ಮಾತ್ರ ನನ್ನದಲ್ಲ.
ಬಾಜೂ ಮನೆಯ ಹಂಪಣ್ಣ ಮಾಸ್ತರರಿಗೆ ದಮ್ಮು:
ಕಿಟಕಿ ತೆಗೆದರೆ ಸೀನು, ಹಾಕಿದರೆ ಸೆಕೆ.

ಹಜರತಬಿ ಬಂದಳು, ಕೈಗೆ ಹಾಲಿನ ಚೀಲ ಸುತ್ತಿಕೊಂಡು.
'ಯಾವುದು ಕೀಳಬೇಕು, ಗೊತ್ತೇನ್ರಿ?'
'ಬಿಳಿ ಹೂವಿಂದು.'
'ಹೂವು ಕಂಡ ಮ್ಯಾಲೆ ಗುರ್ತು ಹಿಡಿಯೂದು
ಕಳ್ಳ ಹ್ವಾದ ಮ್ಯಾಲೆ ಕದಾ ಹಾಕಿದಂಗ.'

ಕುಕ್ಕರಗಾಲಲ್ಲಿ ಕೂತು ತೋರಿಸಿದಳು:
'ಮೊದಲ ಇದು ಏಳೂದಿಲ್ರಿ. ನೆಲಕ್ಕ ಅಂಟಿ
ರೊಟ್ಟಿಯಂಗ ದುಂಡಗ ಹರವಿಕೊಂಡಿರ್ತೈತಿ,
ಎಲಿ ಥೇಟ್ ಗಜ್ಜರಿ ಎಲಿ.
ಒಂದು ಮಳಿ ಬೀಳಲಿ,
ನಡುವಿಂದ ದಂಟು ಏಳ್ತೈತಿ, ಮೈತುಂಬ ಗೆರಿ, ನವಿರು,
ತಿಂಗಳೊಪ್ಪತ್ತಿನ್ಯಾಗ ಮೊಣಕಾಲು, ಆಮ್ಯಾಲೆ ಸೊಂಟ.
ಹೂವು ನೋಡ್ರಿ, ಜ್ವಾಳದ ನುಚ್ಚು ಚೆಲ್ಲಿದಂಗ;
ಕಣ್ಣಿಗೆ ಹಿಡದರ ಐದು ಮೂಲಿ.
ಬೀಜ ಎಣಿಸಾಕ ಕುಂತರ
ನನ್ನ ಮೊಮ್ಮಗಳ ಲಗ್ನ ಆಗ್ತೈತಿ.
ಗಾಳಿಗೂ ಹೋಕ್ಕೈತಿ, ಗಾಲಿಗೂ ಹೋಕ್ಕೈತಿ.'

'ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ?'
'ಅಂದವರು ಈ ಸೊಪ್ಪು ನೋಡಿರಲಿಲ್ಲ ಬಿಡ್ರಿ.'

ಕಾಂಗ್ರೆಸ್ ಕಸ, ಎಲ್ಲರೂ ಅನ್ನುವಂತೆ ಅವಳೂ ಅಂದಳು.
ಹೆಸರು ಯಾರಿಟ್ಟರೋ, ಯಾವ ಗೋದಿಯ ಚೀಲದಲ್ಲಿ ಬಂತೋ,
ಅವಳಿಗೆ ಬೇಕಿಲ್ಲ. ಅವಳಿಗೆ ಬೇಕಾದ್ದು ಬೇರು.
'ಎರಿ ಹಸಿ ಇದ್ದಾಗ ಜಗ್ಗಿದರ ಸಳಕ್ಕನ ಬರ್ತೈತಿ.
ಒಣಗಿದರ ಕುತ್ತಿಗಿ ಕೊಡ್ತೈತಿ, ಬೇರು ಕೊಡೂದಿಲ್ಲ.'

ಆಗ ನೆನಪಾಯಿತು; ಅವಳಿಗೆ ಹೇಳಲಿಲ್ಲ.
ಹೋದ ಶ್ರಾವಣ, ಬಾಡಿಗೆ ಮನೆಯ ಮೆಟ್ಟಿಲ ಮೇಲೆ,
ತುಕ್ಕು ಹಿಡಿದ ಎಣ್ಣೆ ಡಬ್ಬಿಯಲ್ಲಿ
ತಾನಾಗಿ ಹುಟ್ಟಿದ ಒಂದು ದುಂಡನೆಯ ಹಸಿರು.
ಸೇವಂತಿಗೆ ಇರಬೇಕೆಂದು,
ನಳ ಎಂಟು ದಿನಕ್ಕೊಮ್ಮೆ ಬರುವ ಊರಲ್ಲಿ
ದಿನಾ ಒಂದು ತಂಬಿಗೆ ನೀರು ಹಾಕಿದೆ.
ಹೂವಾದಾಗ ಇಂದುಮತಿ ದೇವರಿಗೂ ಏರಿಸಿದಳು.
ಒಣಗಿದ ಮೇಲೆ ಡಬ್ಬಿ ತಂದು ಬೋರಲು ಹಾಕಿದ್ದು
ಇಲ್ಲೇ, ಈ ಮೂಲೆಯಲ್ಲಿ,
ನಮ್ಮದೇ ಜಾಗವಲ್ಲ, ಅಂತ.

ಮಾಸ್ತರರು ಮೂಗಿಗೆ ಟವೆಲ್ ಒತ್ತಿ
ಕಿಟಕಿಯಿಂದ ನೋಡುತ್ತಿದ್ದರು.
ನಾನು ನಮಸ್ಕಾರ ಅಂದೆ. ಅವರು ಸೀನಿದರು.

ಸಂಜೆ ನಾನೂರು ಎಣಿಸಿ ಕೊಟ್ಟೆ.
ಚೀಲ ಬಿಚ್ಚಿ, ಮೊಣಕೈ ಕೆರೆದುಕೊಳ್ಳುತ್ತ,
'ಮುಂದಿನ ಸಲ ಹೂವಿಗಿಂತ ಮೊದಲ ಫೋನ್ ಮಾಡ್ರಿ' ಅಂದಳು.

ಸ್ಕೂಟರಿನ ಗಾಲಿಗೆ ಎರೆಮಣ್ಣು ಮೆತ್ತಿತ್ತು.
ಕಿಕ್ ಹೊಡೆಯಲು ಎತ್ತಿದ ಕಾಲು ಇಳಿಸಿ,
ಒಂದು ಕಡ್ಡಿ ಹುಡುಕಿ
ಅಲ್ಲೇ ಕೂತು ಸಂದಿ ಸಂದಿ ಕೆದರಿದೆ,
ಬೀದಿ ದೀಪ ಹತ್ತುವ ತನಕ.