ಆಕ್ಷೇಪಣೆ ಸಂಖ್ಯೆ ಇನ್ನೂರ ಹದಿನೇಳು

ನಮೂನೆಯಾಗ ನಾಲ್ಕೇ ಗೆರೆ ಜಾಗ ಕೊಟ್ಟೀರಿ, ಸಾಹೇಬ್ರೇ.
ಹಿಂದಿನ ಮಗ್ಗಲಿಗೂ ಬರೆಸೀನಿ.
ಬರೆದಾಕೆ ಎರ್ರಿಸ್ವಾಮಿ ಮಗಳು, ಪಿಯುಸಿ.
ಅಕ್ಷರ ಓರೆಯಾಗಿದ್ರೆ ಆಕೆದು,
ಮಾತು ಓರೆಯಾಗಿದ್ರೆ ನಂದು.

ಹೆಸರು: ಮಾಬುನ್ನಿ. ಕೌಲ್ ಬಜಾರು, ಬಳ್ಳಾರಿ.
ಕಸುಬು: ಜೀನ್ಸ್ ಕಟಿಂಗು, ಇಪ್ಪತ್ತಾರು ವರ್ಷ.
ಸರ್ವೆ ನಂಬರು: ಅದನ್ನ ನೀವೇ ಹೇಳಬೇಕು.

ಕಚೇರಿ ವರಾಂಡದಾಗ ಊರಿನ ನಕ್ಷೆ ತೂಗುಹಾಕ್ಯಾರಂತ ಕೇಳಿ
ಮೂರು ದಿನ ಹೋದೆ.
ಮೊದಲ ದಿನ ಬೀಗ.
ಎರಡನೇ ದಿನ ಕರೆಂಟಿಲ್ಲ, ಮೊಬೈಲು ಹಿಡಿದೆ,
ಊರು ಅಂಗೈಯಷ್ಟಂಗೈಯಷ್ಟೇ ಕಂಡಿತು.
ಮೂರನೇ ದಿನ ಹದಿನಾಲ್ಕು ಮಂದಿ ಹೋದ್ವಿ:
ಜಿಪ್ ಹಾಕೋರು, ಗುಂಡಿ ಹಚ್ಚೋರು, ಇಸ್ತ್ರಿ ಮೌಲಾಲಿ,
ದಾರದ ತುದಿ ಕತ್ತರಿಸೋ ಹನುಮಕ್ಕಜ್ಜಿ.
ಚಪ್ಪಲಿ ಹೊರಗ ಬಿಡ್ರಿ ಅಂದ ಜವಾನ.
ಬಿಟ್ವಿ, ದರ್ಗಾದ ಮುಂದ ಬಿಟ್ಟಂಗ.

ನಕ್ಷೆ ಓದಕ್ಕೆ ಬರಲ್ಲ ಅನ್ಕೊಂಡಿದ್ದೆ.
ನೋಡಿದ್ರೆ ಅದೂ ಒಂದು ಮಾರ್ಕಿಂಗು.
ಹಾಸಿದ ಥಾನು, ಮ್ಯಾಲೆ ಸೀಮೆಸುಣ್ಣದ ಗೆರೆ,
ಇಲ್ಲಿ ಕಾಲು, ಇಲ್ಲಿ ಸೊಂಟದ ಪಟ್ಟಿ,
ಜೇಬು ಯಾರಿಗೆ ಅಂತ ಮಾತ್ರ ಬರೆದಿಲ್ಲ.
ಹಳದಿ ಅಂದ್ರೆ ಮನೆ, ಕೆಂಪಂದ್ರೆ ಅಂಗಡಿ, ನೇರಳೆ ಕಾರ್ಖಾನೆ,
ಎಂಜಿನಿಯರ್ ಹುಡುಗ ಕೋಲಿಟ್ಟು ತೋರಿಸಿದ.
ನಮ್ಮ ಮಂಚದ ಪಕ್ಕಾನೇ ಮಷೀನು ಐತೆ,
ಬಾಗಿಲಾಗ ನಮ್ಮತ್ತಿ ಬೀಡಿ, ಬಿಸ್ಕತ್ತು ಇಟ್ಕೊಂಡಾಳೆ,
ನಮಗ್ಯಾವ ಬಣ್ಣಪ್ಪಾ ಅಂದೆ.
ಕೋಲು ಕೆಳಗಿಟ್ಟ.
ಒಳ್ಳೇ ಹುಡುಗ, ನೀರು ತರಿಸಿಕೊಟ್ಟ.

ಒಂದು ಕಡೆ ನಿಮ್ಮ ಬಣ್ಣ ಸರಿ ಐತೆ.
ನಮ್ಮ ಹಿತ್ತಲ ನಾಲೆಗೆ ನೀಲಿ ಬಳಿದೀರಿ.
ನೀಲೀನೇ ಅದು, ವಾಷಿಂಗ್ ಯೂನಿಟ್ಟಿನ ನೀಲಿ.
ಕೊಕ್ಕರೆ ಬಂದು ಒಂದು ಗಳಿಗೆ ನಿಂತ್ರೆ
ಮೊಣಕಾಲ ತನಕ ಪ್ಯಾಂಟು ತೊಟ್ಕೊಂಡು ಹಾರ್ತೈತೆ.

ಈಗ ಆಕ್ಷೇಪಣೆ.
ಎಂಬತ್ತಡಿ ರಸ್ತೆ ನಮ್ಮ ಮ್ಯಾಲೆ ಹಾದು ಹೋಗ್ತೈತೆ.
ರಸ್ತೆ ಬ್ಯಾಡ ಅನ್ನಲ್ಲ.
ರೈಲ್ವೆ ಗೇಟು ಬಿದ್ದಾಗ ಆಟೋದಾಗ ಹೆತ್ತಾಕಿ ನಾನು,
ಗೂಡ್ಸು ಗಾಡಿ ಅದಿರು ತುಂಬ್ಕೊಂಡು
ಐವತ್ತೆಂಟು ಡಬ್ಬಿ ದಾಟೋ ತನಕ.
ಮಗಳನ್ನ ಓಣಿಯಾಗ ಈಗಲೂ ಗೇಟ್ ಶಮಾ ಅಂತಾರೆ.
ರಸ್ತೆ ಬರಲಿ.
ಆದ್ರೆ ಕತ್ತರಿ ಹಿಡಿದೋರು ಮೊದಲು ಮೈ ಅಳೀಬೇಕು.
ನಿಮ್ಮೋರು ಟೇಪು ತಂದು ಗೋಡೆ ಅಳೆದ್ರು.

ಅದಕ್ಕೇ ಶುಕ್ರವಾರ ಮಷೀನು ನಿಲ್ಲಿಸಿ
ನಾವೇ ಅಳೆದ್ವಿ.
ಇನ್ನೂರ ಆರು ಮನೆ, ಮುನ್ನೂರ ನಲವತ್ತು ಮಷೀನು,
ನಲ್ಲಿ ಬರೋದು ಒಂಬತ್ತನೇ ದಿನ, ಅದೂ ರಾತ್ರಿ.
ರಾತ್ರಿ ಪಾಳಿ ಮುಗಿಸಿ ಬರೋ ಹುಡುಗೇರು
ಕತ್ತಲಿಗೆ ಓಡೋ ಜಾಗ ಮೂರು,
ಅದಕ್ಕೆ ಬಣ್ಣ ಸಿಗದೆ ಎರ್ರಿಸ್ವಾಮಿ ಮಗಳು
ಕಾಡಿಗೆ ಹಚ್ಯಾಳೆ. ಕಾಗದ ಲಗತ್ತಿಸೀವಿ.
ಬೇಸಿಗ್ಯಾಗ ಗುಡ್ಡದ ಬಂಡೆ ಹಗಲೆಲ್ಲ ನುಂಗಿದ ಬಿಸಿಲನ್ನ
ರಾತ್ರಿ ಎರಡರ ತನಕ ಉಗುಳ್ತೈತೆ.
ಇಡೀ ಓಣಿ ಹೊರಗ ಮಲಗ್ತೈತೆ, ಸಾಲಾಗಿ.
ನೀವು ಫುಟ್‌ಪಾತು ಅಂದಿದ್ದು ಆ ಹಾಸಿಗೆಗೇ.

ಮಕ್ಕಳ ಪ್ಯಾಂಟು ಹೊಲಿವಾಗ
ಮಡಿಕೆಯೊಳಗ ಎರಡಿಂಚು ಬಿಡ್ತೀವಿ.
ಹಬ್ಬಕ್ಕೊಮ್ಮೆ ಬಿಚ್ಚಿ ಇಳಿಸಬೋದು.
ಬಿಚ್ಚಿದಲ್ಲಿ ಹಳೇ ಗೆರೆ ಉಳೀತೈತೆ, ಉಳೀಲಿ,
ಹುಡುಗ ಅಷ್ಟಿದ್ದ ಅಂತ ಗೊತ್ತಾಗ್ತೈತೆ.
ಎರಡು ಸಾವಿರದ ನಲವತ್ತೊಂದು ಅಂತ ನಕ್ಷೆ ನೆತ್ತಿಗೆ ಬರೆದೀರಿ.
ಅಲ್ಲಿತನಕ ಈ ಊರು ಎಷ್ಟು ಉದ್ದ ಆಗ್ತೈತೋ
ನನಗ ಗೊತ್ತಿಲ್ಲ. ನಿಮಗೂ ಇಲ್ಲ.
ಅಂಚಿನ ತನಕ ಕತ್ತರಿಸಬ್ಯಾಡ್ರಿ.

ಸ್ವೀಕೃತಿ ಚೀಟಿ ಕೊಡ್ರಿ, ಮುದ್ರೆ ಒತ್ತಿದ್ದು.
ಕೆಳಗ ಹದಿಮೂರು ಸಹಿ, ಒಂದು ಹೆಬ್ಬೆಟ್ಟು.
ಹನುಮಕ್ಕಜ್ಜಿಗೆ ಶಾಯಿಪೆಟ್ಟಿಗೆ ಬೇಕಾಗಲಿಲ್ಲ,
ಬೆರಳು ಒದ್ದೆ ಮಾಡಿದ್ಲು ಅಷ್ಟೇ.

ವಿಚಾರಣೆಗೆ ಶನಿವಾರ ಕರೀಬ್ಯಾಡ್ರಿ,
ಅವತ್ತು ಮಾಲು ಲಾರಿಗೆ ಏರೋ ದಿನ.
ಉಳಿದ ಯಾವತ್ತು ಕರೆದ್ರೂ ಬರ್ತೀವಿ,
ಅಷ್ಟೂ ಮಂದಿ.