ಸುಂಕದ ಕಟ್ಟೆ

ಡಿಸೆಂಬರ್. ತಾಲಿನ್ನಿನಲ್ಲಿ ಬೆಳಕು
ಒಂಬತ್ತರ ಮೇಲೆ ಬಂದು ಮೂರಕ್ಕೇ ಎದ್ದುಹೋಗುವ ನೆಂಟ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಔಷಧಿಯ ಕೋಣೆ;
ಮೇಜಿನ ಮೇಲೆ ಪ್ರಯೋಗಾಲಯದ ಚೀಟಿ:
ಎಂಡೆಲ್, ಅರವತ್ತೇಳು, ಕೋಪ್ಲಿ.
ಕ್ಲೋಜಪಿನ್: ಸಾವಿರದ ನೂರ ನಲವತ್ತು.

ಆಗಸ್ಟಿನಲ್ಲಿ ಇದೇ ಮಾತ್ರೆ, ಇದೇ ಅಳತೆ,
ಇದೇ ರಕ್ತದಲ್ಲಿ ಮುನ್ನೂರ ತೊಂಬತ್ತು.

ಕದ್ದು ನುಂಗಿದನೇ?
ಡಬ್ಬಿ ಎಣಿಸಿದ್ದಾರೆ. ಲೆಕ್ಕ ಸರಿಯಾಗಿದೆ.
ಆದರೂ ಟ್ರಾಮಿನ ಮೆಟ್ಟಿಲಲ್ಲಿ ಕುಸಿದು
ಕೈಕಾಲು ಸೆಟೆದು, ಬಾಯಲ್ಲಿ ನೊರೆ.
ಮೊಮ್ಮಗಳು ಲೀಲೊ ತನ್ನ ಉಣ್ಣೆಯ ಟೋಪಿ ತೆಗೆದು
ತಲೆಯಡಿಗೆ ಇಟ್ಟಳಂತೆ.

ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ.
ಈಲಿ ಅಂಥದೇ ಒಂದು ಕಟ್ಟೆ.
ಹೊಟ್ಟೆಯಿಂದ ಹೊರಟ ಗಾಡಿಯೆಲ್ಲ ಅಲ್ಲಿ ನಿಲ್ಲಲೇಬೇಕು.
ಕಿಣ್ವಗಳೆಂಬ ಗುಮಾಸ್ತರು ಮೂಟೆ ಬಿಚ್ಚಿ, ಮುರಿದು,
ತಮ್ಮ ಪಾಲು ಕಿತ್ತುಕೊಂಡೇ ಬಿಡುತ್ತಾರೆ.
ಆ ಕಡಿತ ಗೊತ್ತಿದ್ದೇ ನಾವು
ಒಂದಿಷ್ಟು ಹೆಚ್ಚಿಗೆ ಹೇರಿ ಕಳಿಸುತ್ತೇವೆ,
ತಲೆಗೆ ತಲುಪಬೇಕಾದಷ್ಟಾದರೂ ತಲುಪಲೆಂದು.

ಎಂಡೆಲ್ ಹಡಗುಕಟ್ಟೆಯ ಬೆಸುಗೆಗಾರ.
ಕಬ್ಬಿಣದ ಒಡಲೊಳಗೆ ವರ್ಷಗಟ್ಟಲೆ ಕೂತವನನ್ನು
ಕಬ್ಬಿಣವೇ ಕರೆಯತೊಡಗಿತ್ತು, ಹೆಸರು ಹಿಡಿದು.
ಆ ದನಿಗೆ ಕ್ಲೋಜಪಿನ್.
ದನಿ ನಿಂತ ಮೇಲಿನ ಮೌನಕ್ಕೆ ಸಿಗರೇಟು,
ದಿನಕ್ಕೆ ಮೂವತ್ತು.

ಹೊಗೆಯ ಮಸಿ (ನಿಕೋಟಿನ್ ಅಲ್ಲ, ಬರೀ ಮಸಿ)
ಮೇಲಧಿಕಾರಿಯ ಕಿವಿಯೂದಿ
ಕಟ್ಟೆಗೆ ಗುಮಾಸ್ತರನ್ನು ತುಂಬುತ್ತದೆ:
ಒಬ್ಬ ಕೂತಲ್ಲಿ ಮೂವರು.
ಮೂವರೂ ಸೇರಿ ಎಂಡೆಲನ ಮಾತ್ರೆ ತಿಂದರು, ಹದಿನೇಳು ವರ್ಷ.
ಡಾಕ್ಟರು ಏರಿಸಿದರು, ಇನ್ನೂ ಏರಿಸಿದರು,
ಐನೂರಕ್ಕೆ ದನಿ ಅಡಗಿತು.
ಚಾರ್ಟಿನಲ್ಲಿ ಎಲ್ಲ ಔಷಧಿಯ ಹೆಸರೂ ಇದೆ.
ಹೊಗೆಯದಿಲ್ಲ. ಅದಕ್ಕೆ ಯಾರೂ ಚೀಟಿ ಬರೆದಿರಲಿಲ್ಲ.

ನವೆಂಬರಿನಲ್ಲಿ ಲೀಲೊ ಅಂದಳು:
"ಅಜ್ಜ, ನಿನ್ನ ಕೋಟು ನಾರುತ್ತೆ."
ಅಷ್ಟೇ. ಪ್ಯಾಕೆಟ್ಟು ಸಮುದ್ರಕ್ಕೆ ಹೋಯಿತು.
ಕೈಗೆ ಏನಾದರೂ ಬೇಕಲ್ಲ, ಕಾಫಿ ಹಿಡಿದ,
ದಿನಕ್ಕೆ ಎಂಟು ಲೋಟ.

ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ.
ಕಟ್ಟೆಯ ಹೆಚ್ಚುವರಿ ಗುಮಾಸ್ತರು
ಒಬ್ಬೊಬ್ಬರೇ ದೀಪ ಆರಿಸಿ ಮನೆಗೆ ಹೋದರು;
ಒಂದು ವಾರ ಸಾಕಾಯಿತು.
ಉಳಿದವನ ಮುಂದೆ ಕಾಫಿಯ ಗಾಡಿಗಳ ಸಾಲು.
ಅಷ್ಟರಲ್ಲಿ ಉರಿಮೂತ್ರ. ಯಾವುದೋ ಕ್ಲಿನಿಕ್ಕಿನಲ್ಲಿ
ಸಿಪ್ರೊಫ್ಲಾಕ್ಸಸಿನ್ ಕೊಟ್ಟರು.
ಒಳ್ಳೆಯ ಔಷಧಿ. ಬಂದದ್ದೇ
ಆ ಒಬ್ಬನ ಕುರ್ಚಿಯಲ್ಲಿ ಕೂತುಬಿಟ್ಟಿತು.

ಗೇಟು ತೆರೆದೇ ಇತ್ತು.
ಐನೂರು ಹೇರಿದ ಗಾಡಿ
ಸುಂಕವಿಲ್ಲದೆ, ತಡೆಯಿಲ್ಲದೆ,
ನೇರ.

ಅವನು ಬಿಟ್ಟದ್ದು ವಿಷವನ್ನೇ.
ಬಿಟ್ಟ ಮೇಲೆ ವಿಷವಾದದ್ದು ನಾವು ಕೊಟ್ಟದ್ದು.

ಇವತ್ತು ಎದ್ದು ಕೂತಿದ್ದಾನೆ. ಮಾತು ಇನ್ನೂ ತೊದಲು,
ದಿಂಬಿನ ಮೇಲೆ ಜೊಲ್ಲಿನ ಕಲೆ.
ಸಿಪ್ರೊ ನಿಲ್ಲಿಸಿದ್ದೇವೆ, ಕ್ಲೋಜಪಿನ್ ಅರ್ಧಕ್ಕಿಳಿಸಿದ್ದೇವೆ,
ಕಾಫಿಗೆ ನರ್ಸು ಕಾವಲು.
"ಹಾಗಾದರೆ ಇಷ್ಟು ದಿನ ನನ್ನ ಕಾದದ್ದು
ನಿಮ್ಮ ಮಾತ್ರೆಯೋ, ನನ್ನ ಸಿಗರೇಟೋ?"
"ಎರಡೂ ಅಲ್ಲ," ಅಂದೆ. "ಅವುಗಳ ಜಗಳ."
ನಕ್ಕ. ಮುಂದಿನ ಹಲ್ಲೊಂದು ಇಲ್ಲ,
ಟ್ರಾಮಿನಲ್ಲಿ ಹೋಯಿತು.

ಒಂದು ಕಾರ್ಡು ಬರೆದುಕೊಟ್ಟೆ, ಜೇಬಿನಲ್ಲಿಡಲು:
ಹಿಡಿದರೂ ಹೇಳಿ, ಬಿಟ್ಟರೂ ಹೇಳಿ.
ಓದಿ, ಕೋಟಿನ ಅಸ್ತರಿಗೆ ಕೈಹಾಕಿ
ಸೊಟ್ಟಗಾದ ಒಂದು ಸಿಗರೇಟು ತೆಗೆದ,
ಸಮುದ್ರದಿಂದ ತಪ್ಪಿಸಿಕೊಂಡದ್ದು.
ಮೂಸಿದ. ನನ್ನ ಕೈಗಿಟ್ಟ:
"ಇದನ್ನೂ ಬರೆದುಕೊಳ್ಳಿ."

ಮಾತ್ರೆಯ ಲಕೋಟೆಗೆ ಹಾಕಿ ಬರೆದೆ
ಹೆಸರು, ವಾರ್ಡು, ತಾರೀಖು.
ಡೋಸಿನ ಜಾಗಕ್ಕೆ ಬಂದು ಪೆನ್ನು ನಿಂತಿತು.
ಗಂಟೆ ಮೂರು.
ಕಿಟಕಿಯಾಚೆ ಬೆಳಕು ತನ್ನ ಕೋಟು ಹುಡುಕುತ್ತಿತ್ತು.