ಒಂದು ಲೋಡು ಕೋಸು

ಬಂದ್ ದಿನ ಗಡಿಯಲ್ಲಿ ಗಾಡಿ ನಿಂತಿತು.
ಟಿಎನ್ ಮೂವತ್ತಾರು. ಹಿಂದೆ ಎರಡು ಟನ್ ಕೋಸು
ತಾರ್ಪಾಲಿನೊಳಗೆ ಬೇಯುತ್ತಿತ್ತು.
ಒಂದು ಫೋಟೊ ತೆಗೆದು ಹಾಕಿದೆ,
ಕೆಳಗೆ ಕನ್ನಡದಲ್ಲಿ ಒಂದೇ ಸಾಲು:
ಕೊಳೆಯೋ ಮುಂಚೆ ಬಿಡ್ರಪ್ಪ.

ಊಟದ ಹೊತ್ತಿಗೆ ನಾನು ಇಬ್ಬರಾಗಿದ್ದೆ.

ಅಕ್ಷರ ಕಂಡವನು ಬರೆದ: ವಂದೇರಿ, ನಿನ್ನೂರಿಗೆ ಓಡು.
ನಂಬರ್ ಪ್ಲೇಟ್ ಕಂಡವನು ಬರೆದ: ಕೊಂಗ, ನಿನ್ನೂರಿಗೆ ಓಡು.
ಇಬ್ಬರಿಗೂ ಮುಖದ ಜಾಗದಲ್ಲಿ ಬಾವುಟ.
ಎತ್ತ ಓಡಲಿ?
ನನ್ನೂರು ತಾಳವಾಡಿ ಫಿರ್ಕಾದಲ್ಲಿ,
ಮುತ್ತಾತನನ್ನು ಹೂತ ಬದುವಿನ ಪಕ್ಕ
ಎಂದಿನಂತೆ ಸುಮ್ಮನೆ ಕೂತಿತ್ತು.

ಕೊಂಗು ಅಂತ ಸತ್ಯಮಂಗಲದಲ್ಲಿ
ಎಣ್ಣೆ ಡಬ್ಬದ ಮೇಲಿದೆ, ಮದುವೆ ಛತ್ರದ ಮೇಲೆ
ಬಣ್ಣದ ಲೈಟಿನಲ್ಲಿ ಮಿನುಗುತ್ತದೆ.
ದಿಂಬದ ಇಪ್ಪತ್ತೇಳು ತಿರುವು ಹತ್ತಿ ಬರುವಷ್ಟರಲ್ಲಿ
ಕೊನೆಯ ಕೊಂಬು ಉದುರಿ
ಅದಕ್ಕೆ ಹಲ್ಲು ಮೊಳೆತಿರುತ್ತದೆ.

'ಏನ್ಲಾ ಅದು, ಟಿಂಗ್ ಟಿಂಗ್ ಅಂತಾನೇ ಅದೆ?' ದೊಡ್ಡವ್ವ ರಾತ್ರಿ ಕೇಳಿದಳು.
'ಗಿರಾಕಿಗಳು ಕನವ್ವಾ.'
'ಒಳ್ಳೆ ಯಾಪಾರ ಬುಡು' ಅಂದು ಮಗ್ಗುಲಾದಳು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹೋದ ಎಲೆಕ್ಷನ್ನಿನಲ್ಲಿ
ಕೋಸು ಕಡಿಯಲು ಜಾರ್ಖಂಡಿನಿಂದ ಬಂದ ನಾಲ್ವರು
ಹುಣಸೆ ಮರದಡಿ ಅನ್ನ ಕಲಸುತ್ತಿದ್ದರು.
ಕ್ಯಾಬಿನ್ನಿನಿಂದಲೇ ಕ್ಲಿಕ್ಕಿಸಿದ್ದೆ.
'ಬೀಡಾಬಾಯಿಗಳು ಓಟು ಕದಿಯಾಕೆ ಬಂದವೆ, ಗ್ಯಾನ ಇರ್ಲಿ.'
ಬರೆದದ್ದು ನಾನು. ಪಾರ್ಟಿಯವರು ಯಾರೂ ಹೇಳಿಕೊಟ್ಟಿರಲಿಲ್ಲ.
ಬೆಳಗಾಗುವಷ್ಟರಲ್ಲಿ ನೂರಾರು ನಗುವಿನ ಗುರುತು.
ಎರಡು ಸಲ ಎಣಿಸಿದ್ದೆ.
ಆ ನಾಲ್ವರಲ್ಲಿ ಬೀಡಾ ತಿನ್ನುವವನು ಒಬ್ಬನೂ ಇರಲಿಲ್ಲ.
ತಿನ್ನುವವನು ನಾನು.

ನಿನ್ನೆ ಸೋಮಾಯ್ ಹೆಂಬ್ರಮ್ ಲೋಡಿಗೆ ಬಂದ,
ಗಾಜು ಬಿರಿದ ಫೋನು ಹಿಡಿದು.
ಎಲ್ಲೆಲ್ಲೋ ಅಲೆದು ಆ ಪಟ
ತಿರುಪ್ಪೂರಿನ ಅವನ ತಮ್ಮನಿಗೆ ಸಿಕ್ಕಿ
ಅಲ್ಲಿಂದ ಅವನ ಕೈಗೇ ಬಂದಿತ್ತು.
'ಅಣ್ಣ, ಇದು ನಾವು.' ಖುಷಿಯಲ್ಲೇ ಇದ್ದ.
'ಕೆಳಗೆ ಏನು ಬರೆದಿದೆ?'

ನನ್ನ ಅಕ್ಷರಗಳು.
ದುಂಡಗೆ, ಮಿಂದು ಬಂದ ಕೂಸುಗಳ ಹಾಗೆ ಸಾಲಾಗಿ ಕೂತಿದ್ದವು.

'ಎಲೆಕ್ಷನ್ ವಿಷಯ' ಅಂದೆ.
'ಒಳ್ಳೇದಾ?'

ಹಿಂದಿನ ಬಾಗಿಲು ಬಿಚ್ಚಿದೆ. ಮೂಟೆ ಏರತೊಡಗಿದವು.
ಅವನು ಎಣಿಸುವುದು ಕನ್ನಡದಲ್ಲಿ, ನಾನೇ ಕಲಿಸಿದ್ದು.
ಆರು, ಏಳು, ಎಂಟು.
ಎಂಟಾದ ಮೇಲೆ ಅವನಿಗೆ ಒಂಬತ್ತು ನೆನಪಾಗದು,
ದಿನವೂ ನಾನು ಎತ್ತಿಕೊಡಬೇಕು.
ನಿನ್ನೆ ಬಾಯಿ ಬರಲಿಲ್ಲ.

ಹತ್ತು, ಅಂದ.

ಇಲ್ಲದ ಒಂದು ಮೂಟೆ ಲೆಕ್ಕಕ್ಕೆ ಹತ್ತಿತು.
ಅದನ್ನೂ ಹೇರಿಕೊಂಡೇ
ಗೇರು ಹಾಕಿದೆ.